ಕವರ್ ಬೇರೆ, ಹಾಡು ಅದೇ: ಜಾನಿ ಕ್ಯಾಶ್‌ನ ಸನ್ ಆಲ್ಬಮ್‌ಗಳ ಗೋಜಲು

ಅಮೆರಿಕದ ಗಾಯಕ ಜಾನಿ ಕ್ಯಾಶ್‌ನ ಹಳೇ ಹಾಡು ಕೇಳೋಣ ಅಂತ ಹೊರಟರೆ ತಲೆ ಕೆಡುತ್ತದೆ. ಹೆಸರು ಬೇರೆ, ಕವರ್ ಬೇರೆ. ಒಳಗೆ ನೋಡಿದರೆ ಮತ್ತೆ ಅವೇ ಹಾಡು. ‘ಸಿಂಗ್ಸ್ ದ ಸಾಂಗ್ಸ್ ದಟ್ ಮೇಡ್ ಹಿಮ್ ಫೇಮಸ್’ ಸನ್ ರೆಕಾರ್ಡ್ಸ್ ಅನ್ನೋ ರೆಕಾರ್ಡ್ ಕಂಪನಿಯಿಂದ ಬಂದಿದ್ದು 1958ರ ಕೊನೆಗೆ. ಅಷ್ಟು ಹೊತ್ತಿಗೆ ಹಾಡಿದವನು ಕಂಪನಿ ಬಿಟ್ಟಾಗಿತ್ತು.

ಸನ್ ಶುರುವಾಗಿದ್ದು 1952ರಲ್ಲಿ, ಮೆಂಫಿಸ್‌ನ ಯೂನಿಯನ್ ಅವೆನ್ಯೂದ ಒಂದು ಪುಟ್ಟ ಸ್ಟುಡಿಯೊದಲ್ಲಿ. ಎಲ್ವಿಸ್ ಪ್ರೆಸ್ಲಿ ಹಾಡಿದ್ದೂ ಇಲ್ಲೇ. 1955ರಲ್ಲಿ ಕ್ಯಾಶ್‌ನ ಮೊದಲ ರೆಕಾರ್ಡ್ ಬಂತು.

ಜೊತೆಗಿದ್ದವರು ಇಬ್ಬರೇ: ಗಿಟಾರಿಗೆ ಲೂಥರ್ ಪರ್ಕಿನ್ಸ್, ಬೇಸ್‌ಗೆ ಮಾರ್ಷಲ್ ಗ್ರಾಂಟ್. ಡ್ರಮ್ ಇಲ್ಲ. ಹಾಗಾಗಿ ‘ಐ ವಾಕ್ ದ ಲೈನ್’ಗೆ ಕ್ಯಾಶ್ ತನ್ನ ಗಿಟಾರಿನ ತಂತಿಗಳ ನಡುವೆ ಕಾಗದ ಸಿಕ್ಕಿಸಿದ. ಬಾರಿಸಿದಾಗ ಸಣ್ಣ ಡ್ರಮ್ಮಿನ ಹಾಗೆ ಚರಚರ ಸದ್ದು. ಪ್ರತಿ ಚರಣಕ್ಕೂ ಶ್ರುತಿ ಬದಲಾಗುತ್ತದೆ, ಅದನ್ನು ಹಿಡಿಯೋಕೆ ಮೊದಲು ‘ಹೂಂ’ ಅಂತ ಗುನುಗುತ್ತಾನೆ. ಕೊನೆಯ ಚರಣದಲ್ಲಿ ದನಿ ಪಾತಾಳಕ್ಕೆ ಇಳಿಯುತ್ತದೆ. ಹೆಂಡತಿಗೆ ಕೊಟ್ಟ ಮಾತಿನ ಹಾಡಿಗೆ ಇದಕ್ಕಿಂತ ಜಾಸ್ತಿ ಏನು ಬೇಕಿತ್ತು? 1958ರ ಅದೇ ಆಲ್ಬಮ್‌ನ ‘ಬ್ಯಾಲಡ್ ಆಫ್ ಎ ಟೀನೇಜ್ ಕ್ವೀನ್’ನಲ್ಲಿ ಹಿಂದೆ ಕೋರಸ್ ಇದೆ. ಚೆನ್ನಾಗಿ ಮಾರಾಟವಾಯಿತು, ನಿಜ. ಸಕ್ಕರೆ ಸ್ವಲ್ಪ ಮುಂದಾಗಿದೆ, ಅಲ್ವಾ?

ಕ್ಯಾಶ್‌ಗೆ ಭಕ್ತಿಗೀತೆಗಳ ಆಲ್ಬಮ್ ಮಾಡೋ ಆಸೆ. ಸನ್‌ನಲ್ಲಿ ಅದು ಆಗಲಿಲ್ಲ. 1958ರಲ್ಲಿ ಕೊಲಂಬಿಯಾ ಅನ್ನೋ ಇನ್ನೊಂದು ರೆಕಾರ್ಡ್ ಕಂಪನಿಗೆ ಹೋದ. ಹೋಗುವ ಮುಂಚಿನ ತಿಂಗಳುಗಳಲ್ಲಿ ಸನ್‌ನಲ್ಲಿ ಸಾಲಾಗಿ ಹಾಡು ರೆಕಾರ್ಡ್ ಆದವು. ಆ ದಾಸ್ತಾನಿನಿಂದ, ಹಳೇ ಸಿಂಗಲ್‌ಗಳಿಂದ, 1964ರ ತನಕ ಆರು ಆಲ್ಬಮ್ ಹೊರಬಂದವು. ‘ಐ ವಾಕ್ ದ ಲೈನ್’ 1957ರ ಆಲ್ಬಮ್‌ನಲ್ಲೂ ಇತ್ತು, 1958ರದ್ದರಲ್ಲೂ ಬಂತು. ‘ಫೋಲ್ಸಮ್ ಪ್ರಿಸನ್ ಬ್ಲೂಸ್’ ಕೂಡ 1957ರ ಆಲ್ಬಮ್‌ನಲ್ಲಿತ್ತು, 1962ರದ್ದರಲ್ಲಿ ಮತ್ತೆ ಹಾಜರ್. ಅತ್ತ ಕೊಲಂಬಿಯಾದ ಹೊಸ ಹಾಡುಗಳೂ ಅಂಗಡಿಯಲ್ಲಿದ್ದವು. ಕರಾರಿನ ಪ್ರಕಾರ ಎಲ್ಲ ಸರಿಯೇ. ಗೊಂದಲ ಮಾತ್ರ ಕೊಳ್ಳುವವನ ಪಾಲಿಗೆ.

ಗಂಟು ಬಿಗಿಯಾಗಿದ್ದು 1969ರಲ್ಲಿ. ಹಿಂದಿನ ವರ್ಷ ಜೈಲಿನಲ್ಲಿ ಹಾಡಿದ ಆಲ್ಬಮ್ ಗೆದ್ದಿತ್ತು, ಟಿವಿ ಕಾರ್ಯಕ್ರಮ ಶುರುವಾಗಿತ್ತು. ಅದೇ ವರ್ಷ ಸನ್ ಕೈ ಬದಲಾಗಿ ನ್ಯಾಶ್‌ವಿಲ್‌ಗೆ ಹೋಯಿತು. ಹಳೇ ಹಾಡುಗಳು ಹೊಸ ಕವರ್ ಹಾಕಿಕೊಂಡು ರಾಶಿ ರಾಶಿಯಾಗಿ ಬಂದವು, ಎಷ್ಟೋ ಸಲ ‘ಸ್ಟೀರಿಯೊ’ ಹೆಸರಿನಲ್ಲಿ. ಮೊನೊ ಅಂದರೆ ಎಲ್ಲ ಸದ್ದೂ ಒಂದೇ ಆಗಿ ದಾಖಲಾಗಿರೋದು; ಸ್ಟೀರಿಯೊ ಅಂದರೆ ಎರಡು ಸ್ಪೀಕರಿಗೆ ಬೇರೆ ಬೇರೆ ಸದ್ದು. ಮೊನೊ ಟೇಪನ್ನು ಸ್ಟೀರಿಯೊ ಮಾಡೋದು ಹೇಗೆ? ದಪ್ಪ ಸದ್ದನ್ನು ಒಂದು ಸ್ಪೀಕರಿಗೆ, ತೆಳು ಸದ್ದನ್ನು ಇನ್ನೊಂದಕ್ಕೆ ತಳ್ಳಿ, ಮೇಲೊಂದಿಷ್ಟು ಪ್ರತಿಧ್ವನಿ ಬೆರೆಸೋದು. ಒಂದೇ ಕೋಣೆಯಲ್ಲಿ ನಿಂತು ಹಾಡಿ ನುಡಿಸಿದ ಮೂವರು ಬಚ್ಚಲಿನಿಂದ ಹಾಡಿ ನುಡಿಸಿದಂತೆ ಕೇಳುತ್ತಾರೆ.

ಮೊನೊ ಅಂತ ಬರೆದ ಪ್ರತಿ ಸಿಕ್ಕರೆ ಅದನ್ನೇ ತಗೊಳ್ಳಿ. ಕಾಗದದ ಚರಚರ ಅದರಲ್ಲೇ ಸರಿಯಾಗಿ ಕೇಳೋದು.