ಹರ್ಮನ್: ಇಟ್ಟ ಹೆಸರು, ಅಡ್ಡಹೆಸರು

1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್, 1872ರಲ್ಲಿ ಮಂಗಳೂರಿನಲ್ಲೇ ಅಚ್ಚಾದ ಮಲಯಾಳ ನಿಘಂಟಿನ ಕರ್ತೃ ಹರ್ಮನ್ ಗುಂಡರ್ಟ್: ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಇತಿಹಾಸ ಓದುವವರಿಗೆ ಈ ಇಬ್ಬರೂ ಪರಿಚಿತರು. ಕಾದಂಬರಿಕಾರ ಹರ್ಮನ್ ಹೆಸ್ಸೆ ಈ ಗುಂಡರ್ಟರ ಮಗಳ ಮಗ. ಅಜ್ಜನ ಹೆಸರೇ ಮೊಮ್ಮಗನಿಗೂ ಇದೆ. ಮೂವರಲ್ಲೂ ಹರ್ಮನ್ ಎಂಬುದು ಇಟ್ಟ ಹೆಸರು. ಆದರೆ ಜರ್ಮನ್ ನಾಡುಗಳಲ್ಲಿ ಅದು ಅಡ್ಡಹೆಸರಾಗಿಯೂ (ಮನೆತನದ ಹೆಸರಾಗಿಯೂ) ಬಳಕೆಯಲ್ಲಿದೆ. ಗ್ರಂಥಸೂಚಿ ಮಾಡುವಾಗ ಎಡವುವುದು ಇಲ್ಲಿಯೇ.

ಹೆಸರಿನಲ್ಲಿ ಎರಡು ತುಂಡುಗಳಿವೆ: ‘ಹೆರಿ’ ಅಂದರೆ ಸೈನ್ಯ, ‘ಮನ್’ ಅಂದರೆ ಗಂಡಸು. ಹಳೆಯ ಜರ್ಮನಿಕ್ ಹೆಸರುಗಳು ಬಹುಪಾಲು ಹೀಗೆ ಜೋಡಿಸಿದವೇ. ‘ಹೆರಿ’ಯ ಮುಂದೆ ‘ಆಳ್ವಿಕೆ’ ಎಂಬರ್ಥದ ‘ವಾಲ್ಡ್’ ಸೇರಿದರೆ ಹೆರಾಲ್ಡ್. ಅವೇ ತುಂಡುಗಳನ್ನು ಹಿಂದುಮುಂದು ಮಾಡಿದರೆ ವಾಲ್ಟರ್. ಹರ್ಬರ್ಟ್, ವರ್ನರ್, ಗುಂಟರ್‌ಗಳಲ್ಲೂ ಇದೇ ‘ಹೆರಿ’ ಅಡಗಿದೆ. ಬಂಧುಗಳ ಹೆಸರಿನಿಂದ ಒಂದೊಂದು ತುಂಡು ಎತ್ತಿ ಮಗುವಿಗೆ ಹೆಸರು ಕಟ್ಟುವ ರೂಢಿ ಇತ್ತು. ಹಾಗಾಗಿ ಇಡೀ ಹೆಸರಿಗೆ ಒಂದು ವಾಕ್ಯದಂಥ ಅರ್ಥ ಹೊಂದಿಸಲು ಹೋಗಬೇಡಿ.

ಇನ್ನು ಆರ್ಮಿನಿಯಸ್. ಕ್ರಿ.ಶ. 9ರಲ್ಲಿ ಟ್ಯೂಟೊಬರ್ಗ್ ಕಾಡಿನಲ್ಲಿ ರೋಮನ್ ಸೇನಾಪತಿ ವಾರಸ್‌ನ ಮೂರು ಲೀಜನ್‌ಗಳನ್ನು (ದೊಡ್ಡ ಸೇನಾದಳಗಳನ್ನು) ಅಳಿಸಿಹಾಕಿದ, ಚೆರುಸ್ಕಿ ಎಂಬ ಜರ್ಮನಿಕ್ ಬುಡಕಟ್ಟಿನ ನಾಯಕ. 16ನೇ ಶತಮಾನದ ಜರ್ಮನ್ ವಿದ್ವಾಂಸರು ‘ಆರ್ಮಿನಿಯಸ್ ಅಂದರೆ ಹರ್ಮನ್’ ಎಂದು ಬರೆದರು. 1875ರಲ್ಲಿ ಡೆಟ್ಮೋಲ್ಡ್ ಬಳಿ ಪೂರ್ಣಗೊಂಡ ಬೃಹತ್ ಸ್ಮಾರಕಕ್ಕೂ ಹರ್ಮನ್ ಹೆಸರೇ. ಭಾಷಾಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಕಾರಣ ರೋಮನ್ ಇತಿಹಾಸಕಾರ ಟ್ಯಾಸಿಟಸ್‌ನಲ್ಲೇ ಸಿಗುತ್ತದೆ. ಆರ್ಮಿನಿಯಸ್‌ನ ಚೆರುಸ್ಕಿಗಳ ವಿರುದ್ಧ ಹೋರಾಡಿ ಮಡಿದ, ಬಟಾವಿ ಎಂಬ ಇನ್ನೊಂದು ಬುಡಕಟ್ಟಿನ ನಾಯಕನೊಬ್ಬನನ್ನು ಟ್ಯಾಸಿಟಸ್ ‘ಖರಿಯೊವಾಲ್ಡ’ ಎಂದು ಬರೆಯುತ್ತಾನೆ. ಇದು ಹೆರಾಲ್ಡ್‌ನದೇ ಹಳೆಯ ರೂಪ. ಆ ಕಾಲದಲ್ಲಿ ‘ಹೆರಿ’ಯ ರೂಪ ‘ಹರ್ಯ’. ಅದರ ಮೊದಲ ಹಕಾರವನ್ನು ರೋಮನ್ನರು ಇಲ್ಲಿ ‘ಖ’ ಎಂದು ಗುರುತಿಸಿದ್ದಾರೆ. ಆರ್ಮಿನಿಯಸ್‌ನಲ್ಲಿ ಆ ಹಕಾರವೂ ಇಲ್ಲ, ‘ಹರ್ಯ’ದ ಯಕಾರವೂ ಇಲ್ಲ. ಟಿಪ್ಪಣಿಯಲ್ಲಿ ಎರಡನ್ನೂ ಬೇರೆಬೇರೆಯಾಗಿಯೇ ಇಡಿ.

ಅಡ್ಡಹೆಸರು ಬಂದದ್ದು ತಂದೆಯ ಹೆಸರಿನಿಂದ. ಜರ್ಮನಿಯಲ್ಲಿ ತಂದೆಯ ಹೆಸರೇ ಹಾಗೆಯೇ ಅಂಟಿಕೊಂಡು ಹರ್ಮನ್ ಆಯಿತು. ಷಷ್ಠಿಯ ‘ಸ್’ ಸೇರಿದರೆ ಹರ್ಮನ್ಸ್. ಉತ್ತರದ ತಗ್ಗುನಾಡಿನಲ್ಲಿ ಹಾರ್ಮ್ಸ್, ಡೆನ್ಮಾರ್ಕಿನಲ್ಲಿ ಹರ್ಮನ್ಸೆನ್. ಡಚ್ಚರ ‘ಹಾರ್ಮೆನ್‌ಸೋನ್’ ಅಂದರೆ ಹಾರ್ಮೆನ್‌ನ ಮಗ: ಚಿತ್ರಕಾರ ರೆಂಬ್ರಾಂಟ್‌ನ ಪೂರ್ಣ ಹೆಸರಿನ ನಡುವೆ ಇದೇ ಇದೆ, ಅಪ್ಪನ ಹೆಸರು ಹಾರ್ಮೆನ್. ಐಸ್‌ಲ್ಯಾಂಡಿನಲ್ಲಿ ಮಾತ್ರ ಇದು ಇಂದಿಗೂ ಮನೆತನದ ಹೆಸರಾಗಿ ನಿಂತಿಲ್ಲ. ಅಲ್ಲಿ ಪ್ರಧಾನಿಯಾಗಿದ್ದ ಹರ್ಮನ್ ಯೋನಾಸನ್‌ರ ಮಗ ಸ್ಟೇನ್‌ಗ್ರಿಮುರ್ ಹರ್ಮನ್ಸನ್. ಮುಂದೆ ಅವರೂ ಪ್ರಧಾನಿಯಾದರು. ಅಪ್ಪ ಮಗನಿಗೆ ಒಂದೇ ಅಡ್ಡಹೆಸರು ಹುಡುಕಿದರೆ ಸಿಗುವುದಿಲ್ಲ.

ಹೋಲಿಕೆಗೆ ಮೋಸ ಹೋಗಬೇಡಿ. ಸ್ಪ್ಯಾನಿಷ್‌ನ ‘ಎರ್ಮಾನೊ’ (ಸಹೋದರ) ಲ್ಯಾಟಿನ್ ಮೂಲದ್ದು. ಹಾರ್ಟ್‌ಮನ್‌ನ ಮೊದಲ ತುಂಡು ಗಟ್ಟಿ ಎಂಬರ್ಥದ ಬೇರೆ ಪದ. ಫ್ರೆಂಚ್ ಅರ್ಮಾಂಡ್, ಇಟಾಲಿಯನ್ ಎರ್ಮಾನೊಗಳು ಮಾತ್ರ ನಿಜವಾದ ನೆಂಟರು. ಈ ಇಟಾಲಿಯನ್ ಹೆಸರಿನಲ್ಲಿ ಎನ್ ಎರಡು, ಸ್ಪ್ಯಾನಿಷ್ ಪದದಲ್ಲಿ ಒಂದೇ.

ಹಳೆಯ ಚರ್ಚ್ ದಾಖಲೆ ಓದುವಾಗ ಲ್ಯಾಟಿನ್ ವಿಭಕ್ತಿ ಗಮನಿಸಿ: ‘ಹರ್ಮಾನುಸ್’ ಅಂದರೆ ಆ ವ್ಯಕ್ತಿಯೇ, ‘ಹರ್ಮಾನಿ’ ಅಂದರೆ ಹರ್ಮನ್‌ನ. ‘ಫಿಲಿಯುಸ್ ಹರ್ಮಾನಿ’ (ಹರ್ಮನ್‌ನ ಮಗ) ಎಂದಿದ್ದರೆ ಅದು ಅಪ್ಪನ ಹೆಸರು. ಅಡ್ಡಹೆಸರೆಂದು ಪಟ್ಟಿಗೆ ಸೇರಿಸಬೇಡಿ. ಆನ್‌ಲೈನ್ ಸೂಚಿಗಳಲ್ಲಿ ಒಂದು ಆರ್, ಎರಡು ಆರ್, ಒಂದು ಎನ್, ಎರಡು ಎನ್ ಹೀಗೆ ನಾಲ್ಕೂ ಬಗೆಯಲ್ಲಿ ಹುಡುಕಿ. ಒಂದೇ ಕುಟುಂಬದ ಎರಡು ತಲೆಮಾರುಗಳಲ್ಲೇ ಕಾಗುಣಿತ ಬದಲಾಗಿರಬಹುದು.