ಬೆಣ್ಣಿಹಳ್ಳದ ದಂಡಿ, ಉಳ್ಳಾಲದ ಕಲ್ಲು

ನವಲಗುಂದ ಕಡೆಯ ರೈತರೊಬ್ಬರು ಬೇಸಿಗೆಯಲ್ಲಿ ಹುಬ್ಬಳ್ಳಿಯ ನನ್ನ ಆಫೀಸಿಗೆ ಬಂದು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದರು. ಸಮುದ್ರದ ದಂಡೆಗೆ ಕ್ರೇನಿನಿಂದ ನಾಲ್ಕು ಕಾಲಿನ ಕಾಂಕ್ರೀಟ್ ತುಂಡು ಇಳಿಸುತ್ತಿದ್ದರು.

“ಸಾಹೇಬ್ರ, ಸಮುದ್ರಾನ ತಡಿತಾವಂತ ಇವು. ನಮ್ಮ ಬೆಣ್ಣಿಹಳ್ಳ ಯಾವ ಲೆಕ್ಕ? ಒಂದ್ ನಲವತ್ತು ತಂದು ಒಗದ್ರ ಆಗೂದಿಲ್ಲೇನ್ರಿ?”

ಆಗೂದಿಲ್ಲ ಅಂದೆ. ಯಾಕೆ ಅಂತ ಹೇಳುವಷ್ಟರಲ್ಲಿ ಎರಡು ಸಲ ಚಹಾ ಬಂತು.

ಆ ತುಂಡಿನ ಹೆಸರು ಟೆಟ್ರಾಪಾಡ್. 1950ರಲ್ಲಿ ಫ್ರಾನ್ಸಿನ ಎಂಜಿನಿಯರುಗಳು ರೂಪಿಸಿದ್ದು. ಒಂದರ ಕಾಲು ಇನ್ನೊಂದಕ್ಕೆ ಸಿಕ್ಕಿಕೊಂಡು ಕೂಡುತ್ತದೆ. ಬಂದ ಅಲೆ ಸಂದುಗಳಲ್ಲಿ ನುಗ್ಗಿ ಚೂರುಚೂರಾಗಿ ಸುಸ್ತಾಗುತ್ತದೆ. ಆದರೆ ಅಲೆ ಬಂದು ಗುದ್ದಿ ಹಿಂದೆ ಸರಿಯುವಂಥದ್ದು. ಹಳ್ಳ ಹಾಗಲ್ಲ, ಒಂದೇ ದಿಕ್ಕಿಗೆ ತಾಸುಗಟ್ಟಲೆ ಓಡುತ್ತ ತಳ ತೋಡುತ್ತದೆ. ಲೆಕ್ಕವೂ ಬೇರೆ. ಅಲೆಯ ಎತ್ತರ ಎರಡು ಪಟ್ಟಾದರೆ ಕಲ್ಲಿನ ತೂಕ 8 ಪಟ್ಟು ಬೇಕು. ಹರಿವಿನ ವೇಗ ಎರಡು ಪಟ್ಟಾದರೆ 64 ಪಟ್ಟು! ಹೋದ ಮಳೆಗಾಲದಲ್ಲಿ ಕದಲದ ಕಲ್ಲು ಈ ಸಲ ಎಲ್ಲಿ ಹೋಯಿತು ಎಂದು ಕೇಳುವವರಿಗೆ ಇದೇ ಉತ್ತರ.

ಆದರೂ ಕಡಲ ಗೋಡೆ, ಹಳ್ಳದ ಗೋಡೆ ಎರಡೂ ಕೆಡುವುದು ಹೆಚ್ಚುಕಡಿಮೆ ಒಂದೇ ರೀತಿ: ಮುಂದೆ ಬುಡ ಹೋಗುತ್ತದೆ, ಹಿಂದೆ ಮಣ್ಣು ಸೋರುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಳ್ಳದ ದಂಡೆಗೆ ಕಲ್ಲಿನ ಪಿಚಿಂಗ್, ಅಂದರೆ ಇಳಿಜಾರಿಗೆ ಕಲ್ಲು ಜೋಡಿಸಿದ ಹೊದಿಕೆ, ಮಾಡಿಸಿದ್ದೆ. ಬುಡವನ್ನು ತಳದಿಂದ ಒಂದೂವರೆ ಮೀಟರ್ ಕೆಳಗೆ ಇಳಿಸಬೇಕು ಎಂದು ನಕ್ಷೆಯಲ್ಲಿತ್ತು. ಎಷ್ಟು ಪಂಪ್ ಹಚ್ಚಿದರೂ ಗುಂಡಿಯ ನೀರು ತೆಗೆಯಲಾಗಲಿಲ್ಲ. ತಳದ ಮೇಲೆಯೇ ಕೂರಿಸಿದೆವು. ಅಳತೆ ಪುಸ್ತಕಕ್ಕೆ ಸಹಿ ಹಾಕಿದವನೂ ನಾನೇ. ಮಳೆ ಮುಗಿದ ಮೇಲೆ ಹೋಗಿ ನೋಡಿದರೆ ಮೇಲಿಂದ ಎಲ್ಲ ಸರಿಯಾಗಿಯೇ ಇತ್ತು. ಕಾಲಿಟ್ಟರೆ ಮಾತ್ರ ಟೊಳ್ಳು ಸದ್ದು. ಒಂದು ಕಲ್ಲು ಕಿತ್ತು ಕೈ ಹಾಕಿದೆ, ಭುಜದವರೆಗೆ ಹೋಯಿತು. ಕಲ್ಲಿನ ಕೆಳಗೆ ಮರಳು–ಜಲ್ಲಿಯ ಪದರವೂ ಇರಲಿಲ್ಲ. ಎರೆಮಣ್ಣು ಸಂದಿನಿಂದ ತೊಳೆದು ಹೋಗಿತ್ತು. ಮುಂದಿನ ವರ್ಷ ಅಷ್ಟೂ ಕಲ್ಲು ಹಳ್ಳದ ಪಾಲು. ಈಗ ಜಿಯೋಟೆಕ್ಸ್‌ಟೈಲ್ ಬಟ್ಟೆ ಸಿಗುತ್ತದೆ: ನೀರು ಬಿಡುತ್ತದೆ, ಮಣ್ಣು ಬಿಡುವುದಿಲ್ಲ. ಎಸ್ಟಿಮೇಟು ಹೆಚ್ಚಾಯಿತೆಂದರೆ ಮೊದಲು ಕತ್ತರಿ ಬೀಳುವುದೂ ಅದಕ್ಕೇ, ಹೂತು ಹೋದ ಮೇಲೆ ಯಾರಿಗೂ ಕಾಣುವುದಿಲ್ಲವಲ್ಲ.

ಗಳಗನಾಥದಲ್ಲಿ, ವರದಾ ತುಂಗಭದ್ರೆಗೆ ಸೇರುವ ಕಡೆ, ಗಳಗೇಶ್ವರ ಗುಡಿಯ ಬುಡಕ್ಕೆ ಇಳಿಜಾರಾಗಿ ಕಲ್ಲು ಕಟ್ಟಿದ್ದಾರೆ. ಹೊಳೆಗೆ ಹೆದರಿಯೇ ಕಟ್ಟಿದರು ಎಂದು ವಾದಿಸಲಾರೆ. ಆದರೆ ಅಲ್ಲಿ ಹೋದಾಗಲೆಲ್ಲ ಶಿಖರಕ್ಕಿಂತ ಮೊದಲು ನನ್ನ ಕಣ್ಣು ಹೋಗುವುದು ಅಲ್ಲಿಗೆ.

ಎರೆಮಣ್ಣಿನ ಕಥೆ ಇನ್ನೊಂದಿದೆ. “ಹಳ್ಳ ಬಂದಾಗ ನಿಂತಿತ್ರಿ, ಇಳದ ಮ್ಯಾಲೆ ಬಿತ್ತು” ಎಂದು ನಮ್ಮ ರೈತರು ಹೇಳುವುದು ಅಕ್ಷರಶಃ ನಿಜ. ಬೇಸಿಗೆಯಲ್ಲಿ ಬಿಟ್ಟ ಬಿರುಕುಗಳಲ್ಲಿ ನೀರು ತುಂಬಿ ದಂಡೆ ಭಾರವಾಗುತ್ತದೆ. ಹಳ್ಳ ತುಂಬಿರುವವರೆಗೆ ಆ ನೀರೇ ಅದಕ್ಕೆ ಆಸರೆ. ಹಳ್ಳ ಸರಸರ ಇಳಿಯಿತೆಂದರೆ ಆಸರೆ ಹೋಯಿತು, ಒಳಗಿನ ನೀರು ಹಾಗೇ ಉಳಿಯಿತು, ದಂಡೆ ಜಾರುತ್ತದೆ. ಅದಕ್ಕೇ ನೆಟ್ಟಗಿನ ಗೋಡೆಗಿಂತ ಒಂದಕ್ಕೆ ಎರಡರ ಇಳಿಜಾರು ಒಳ್ಳೆಯದು. ನಾಲ್ಕು ಮೀಟರ್ ದಂಡೆಗೆ ಎಂಟು ಮೀಟರ್ ಹೊಲ ಬಿಡಬೇಕು. ಮಾತು ಇಲ್ಲಿಗೆ ಬಂದಾಗ ನವಲಗುಂದದ ಆ ರೈತರ ಮುಖ ಸಣ್ಣದಾಯಿತು.

ಕಡಲಿನಲ್ಲಿ ಮಾತ್ರ ನೋಡಸಿಗುವ ಒಂದು ವಿಷಯವೆಂದರೆ ದಂಡೆಯುದ್ದಕ್ಕೂ ಸಾಗುವ ಮರಳು. ಪುದುಚೇರಿಯಲ್ಲಿ 1980ರ ದಶಕದ ಕೊನೆಗೆ ಬಂದರಿನ ಅಲೆತಡೆ ಕಟ್ಟಿದರು. ಉತ್ತರಕ್ಕೆ ಹೋಗುವ ಮರಳು ಅಲ್ಲೇ ನಿಂತು, ಊರಿನ ಮುಂದಿನ ಬೀಚು ಕರಗಿತು. ಕಲ್ಲು ಸುರಿದರು, ದಂಡೆ ಉಳಿಯಿತು, ಬೀಚು ಬರಲಿಲ್ಲ. 2018ರಲ್ಲಿ ನೀರೊಳಗೆ ಒಂದು ರೀಫ್, ಅಂದರೆ ಅಲೆಯ ಜೋರು ಮುರಿಯುವ ದಿಬ್ಬದಂಥ ಕಟ್ಟಡ, ಇಳಿಸಿದ ಮೇಲೆ ಮರಳು ಮತ್ತೆ ಕೂಡಿತು. ಉಳ್ಳಾಲದಲ್ಲೂ ವರ್ಷವರ್ಷ ಕಲ್ಲು ಸುರಿದು ಸಾಕಾಗಿ ಕೊನೆಗೆ ದಡದಿಂದ ದೂರ ರೀಫ್ ಹಾಕಿದರು. ಡಚ್ಚರದು ಇನ್ನೂ ಧಾರಾಳ: 2011ರಲ್ಲಿ ಒಂದೇ ಕಡೆ ಸುಮಾರು 2 ಕೋಟಿ ಘನ ಮೀಟರ್ ಮರಳು ಸುರಿದು, ಅದನ್ನು ಹಂಚುವ ಕೆಲಸ ಅಲೆಗೇ ಬಿಟ್ಟರು.

“ಅಂದ್ರ ನನ್ನ ದಂಡಿಗೆ ಕಲ್ಲು ಹಾಕಿದ್ರ?” ಎಂದರು.

“ನೀರು ಎದುರು ದಂಡಿ ತಿಂತೈತ್ರಿ. ಆ ಹೊಲ ಯಾರದು?”

“ನಮ್ಮ ಕಾಕಾನ ಮಗಂದು.” ತುಸು ತಡೆದು, “ಅಂವನ ಜೋಡಿ ಮೊದಲ ಕೋರ್ಟಿನ್ಯಾಗ ಅದೇವ್ರಿ” ಎಂದು ನಕ್ಕರು.

ನಾನು ಬರೆದುಕೊಟ್ಟದ್ದು ಇಷ್ಟು. ಹಳ್ಳದ ತಳದಲ್ಲಿ ಬೆಳೆದ ಬಳ್ಳಾರಿ ಜಾಲಿ ಮೊದಲು ತೆಗೆಸಿ, ನೀರು ದಂಡೆಗೆ ತಿರುಗುವುದೇ ಅದರಿಂದ. ತಿರುವಿನಲ್ಲಿ ಮಾತ್ರ ತಂತಿಬಲೆಯಲ್ಲಿ ಕಲ್ಲು ತುಂಬಿ ಬುಡಕ್ಕೆ ಹಾಸಿ. ತಳ ಕೊರೆದರೂ ಹಾಸು ಬಾಗಿ ಗುಂಡಿಗೆ ಇಳಿಯುತ್ತದೆ, ಮುರಿಯುವುದಿಲ್ಲ. ಮೇಲಿನ ಇಳಿಜಾರಿಗೆ ಕರಕಿ, ಲಕ್ಕಿ, ಲಾವಂಚ. 2019ರಂಥ ಮಳೆಗೆ ಇದು ಸಾಲದು. ಆ ಆಗಸ್ಟಿನಲ್ಲಿ ಕೊಣ್ಣೂರಿನ ಹತ್ತಿರ ಮಲಪ್ರಭೆ ಹೆದ್ದಾರಿಯನ್ನೇ ಮುಳುಗಿಸಿತ್ತು. ಅಂಥ ದಿನ ಹೊಲಕ್ಕೆ ನೀರು ಬರುವುದೇ, ಮನೆ ಎತ್ತರದಲ್ಲಿದ್ದರೆ ಸಾಕು ಎಂದೂ ಹೇಳಿದೆ.

ಮಳೆಗಾಲ ಮುಗಿದ ಮೇಲೆ ಫೋನ್ ಬಂತು. ಎಂಟು ಮೀಟರ್ ಅಲ್ಲ, ಐದು ಬಿಟ್ಟಿದ್ದಾರಂತೆ. “ಬುಡದಾಗ ಕೋಲು ಚುಚ್ಚಿ ನೋಡೀನ್ರಿ, ಟೊಳ್ಳಿಲ್ಲ. ಲಕ್ಕಿ ಮಾತ್ರ ಕಾಕಾನ ಮಗನ ಆಡು ತಿಂದ್ವು.”