ತಣ್ಣನೆಯ ಗ್ಲಾಸಿನಲ್ಲಿ ಮೂರು ರೊಟ್ಟಿ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟಿತ್ತು. ತಾಯಿ ಮಗಳು ಇಬ್ಬರೂ ಮುಖ ಒರೆಸಿಕೊಳ್ಳುತ್ತಾ ಒಳಗೆ ಬಂದರು. ಮಗಳಿಗೆ 22 ವರ್ಷ. ಒಂದು ವರ್ಷದಲ್ಲಿ ತೂಕ ಏರಿದೆ, ಮುಟ್ಟು ಸರಿಯಾಗಿ ಆಗುತ್ತಿಲ್ಲ. ಊಟದ ಬಗ್ಗೆ ಮಾತಾಡಿಕೊಂಡು ಬನ್ನಿ ಅಂತ ಡಾಕ್ಟರು ನನ್ನ ಹತ್ತಿರ ಕಳಿಸಿದ್ದರು.

"ಇಕಿ ಏನೂ ತಿನ್ನಂಗಿಲ್ರಿ ಮೇಡಂ," ಅಂದರು ತಾಯಿ. "ರಾತ್ರಿ ಮೂರು ರೊಟ್ಟಿ ತಿನ್ನಾಕಿ, ಈಗ ಒಂದಕ್ಕ ಬಂದಾಳ. ಅನ್ನನೂ ಬಿಟ್ಟಾಳ. ಆದ್ರೂ ತೂಕ ಇಳಿವಲ್ದು."

ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಊಟದ ಪಟ್ಟಿ ಬರೆಸಿದೆ, ನಿಜಕ್ಕೂ ಕಡಿಮೆ ಇತ್ತು. ಆಮೇಲೆ ನಾನು ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದೆ: "ದಿನಕ್ಕೆ ಏನೇನು ಕುಡೀತೀಯಮ್ಮ?" ನೀರು, ಬೆಳಿಗ್ಗೆ ಚಹಾ, ಸಂಜೆ ಒಂದು ಕೋಲ್ಡ್ ಕಾಫಿ. "ಹೊರಗಿಂದಲ್ಲ ಮೇಡಂ, ನಾನೇ ಮನೇಲಿ ಮಾಡ್ಕೊಂತೀನಿ," ಅಂದಳು. ಮನೆಯದು ಅಂದರೆ ತೊಂದರೆ ಇಲ್ಲ ಅಂತ ಅವಳ ನಂಬಿಕೆ. ನಮ್ಮಲ್ಲಿ ತುಂಬಾ ಜನರ ನಂಬಿಕೆಯೂ ಅದೇ.

ಮುಂದಿನ ಸಲ ಬರುವಾಗ ಎಲ್ಲ ಸಾಮಾನು ತೆಗೆದುಕೊಂಡು ಬಾ, ದಿನಾ ಕುಡಿಯುವ ಗ್ಲಾಸು, ಸಕ್ಕರೆ ಹಾಕುವ ಚಮಚ ಎರಡನ್ನೂ ತಾ ಅಂದೆ. ತಂದಳು. ಅಡುಗೆ ತಕ್ಕಡಿ ಮೇಜಿನ ಮೇಲಿಟ್ಟು, ಅವಳು ದಿನಾ ಮಾಡುವ ಹಾಗೆಯೇ ಮಾಡಿಸಿದೆ. ಒಂದೊಂದನ್ನೂ ತೂಗಿ ಬರೆದುಕೊಂಡೆವು.

ಹಾಲು 250 ಮಿಲಿ. ಗಟ್ಟಿ ಹಾಲು, 6 ಪರ್ಸೆಂಟ್ ಕೊಬ್ಬಿನದು. ಅದರಲ್ಲೇ ಸುಮಾರು 220 ಕ್ಯಾಲೊರಿ. ಸಕ್ಕರೆ "ಮೂರೇ ಚಮಚ". ಆದರೆ ಅವಳ ಚಮಚ ಗೋಪುರದ ಹಾಗೆ ತುಂಬಿರುತ್ತಿತ್ತು. ತಕ್ಕಡಿ ಒಂದೊಂದಕ್ಕೂ 7 ಗ್ರಾಂ ತೋರಿಸಿತು. ಮೂರಕ್ಕೆ 21 ಗ್ರಾಂ. ಸಕ್ಕರೆ ಒಂದು ಗ್ರಾಮಿಗೆ 4 ಕ್ಯಾಲೊರಿ, ಅಂದರೆ 84. ವೆನಿಲಾ ಐಸ್ ಕ್ರೀಮ್ ಒಂದು ಉಂಡೆ, 65 ಗ್ರಾಂ, ಸುಮಾರು 130 ಕ್ಯಾಲೊರಿ. ಕೊನೆಗೆ ಚಾಕೊಲೇಟ್ ಸಿರಪ್. ಗ್ಲಾಸಿನ ಒಳಗೋಡೆಗೆ ಸುತ್ತ ಎರಡು ಸುತ್ತು ಬಿಟ್ಟಳು, ನೋಡಲು ಚೆಂದ. ಅದು 25 ಗ್ರಾಂ, ಸುಮಾರು 70 ಕ್ಯಾಲೊರಿ. ಕಾಫಿ ಪುಡಿಯದ್ದು 5.

ಒಟ್ಟು ಕೂಡಿಸಿದರೆ 509. ಒಂದು ಜೋಳದ ರೊಟ್ಟಿಗೆ 50 ಗ್ರಾಂ ಹಿಟ್ಟು ಅಂತ ಹಿಡಿದರೆ ಸುಮಾರು 170 ಕ್ಯಾಲೊರಿ ಬರುತ್ತದೆ. ಆ ಗ್ಲಾಸಿನಲ್ಲಿ ಮೂರು ರೊಟ್ಟಿ ಇತ್ತು. ರಾತ್ರಿ ಎರಡು ರೊಟ್ಟಿ ಬಿಟ್ಟು ಹಸಿದುಕೊಂಡು ಮಲಗುತ್ತಿದ್ದ ಹುಡುಗಿ, ಸಂಜೆಯೇ ಮೂರು ರೊಟ್ಟಿಯಷ್ಟು ಕುಡಿದಿರುತ್ತಿದ್ದಳು. ರೊಟ್ಟಿ ತಿಂದಿದ್ದರೆ ಹೊಟ್ಟೆಯಾದರೂ ತುಂಬುತ್ತಿತ್ತು. ಕುಡಿದ ಕ್ಯಾಲೊರಿ ತಿಂದ ಕ್ಯಾಲೊರಿಯಷ್ಟು ಹೊಟ್ಟೆ ತುಂಬಿಸುವುದಿಲ್ಲ. ಅಗಿಯುವ ಕೆಲಸ ಇಲ್ಲ, ಐದು ನಿಮಿಷದಲ್ಲಿ ಮುಗಿಯುತ್ತದೆ, ಮುಂದಿನ ಊಟದಲ್ಲಿ ಅಷ್ಟನ್ನು ಕಡಿಮೆ ತಿನ್ನಬೇಕು ಅಂತ ಮೈಗೆ ಅನಿಸುವುದೇ ಇಲ್ಲ.

ಕ್ಯಾಲೊರಿ ಒಂದು ಕಡೆ ಇರಲಿ, ಹೊರಗಿನಿಂದ ಸೇರಿಸಿದ ಸಕ್ಕರೆಯನ್ನು ಮಾತ್ರ ನೋಡಿ. ಚಮಚದ್ದು 21, ಐಸ್ ಕ್ರೀಮಿನದು ಸುಮಾರು 10, ಸಿರಪ್ಪಿನದು ಸುಮಾರು 13 ಗ್ರಾಂ. ಒಟ್ಟು 44. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಹೀಗೆ: ದಿನದ ಕ್ಯಾಲೊರಿಯಲ್ಲಿ ಇಂಥ ಸಕ್ಕರೆಯ ಪಾಲು ನೂರಕ್ಕೆ 10ಕ್ಕಿಂತ ಕಡಿಮೆ ಇರಲಿ, 5ಕ್ಕಿಂತ ಕಡಿಮೆ ಆದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ 10ರ ಲೆಕ್ಕದಲ್ಲಿ 50 ಗ್ರಾಂ, 5ರ ಲೆಕ್ಕದಲ್ಲಿ 25 ಗ್ರಾಂ. ಒಂದೇ ಗ್ಲಾಸಿಗೆ 44 ಆಗಿಹೋಯಿತು. ಬೆಳಗಿನ ಚಹಾ, ಬಿಸ್ಕತ್ತು ಇನ್ನೂ ಬಾಕಿ.

ಅವಳ ಕಣ್ಣು ತುಂಬಿ ಬಂತು. ಬೈಯಲು ಕರೆಸಿಲ್ಲ ತಂಗಿ, ನಿನ್ನ ಕಾಫಿ ಬಿಡಿಸುವುದೂ ಇಲ್ಲ ಅಂದೆ. ನಾನು ಯಾರಿಗೂ ಕೋಲ್ಡ್ ಕಾಫಿ ಬಿಡಿ ಅಂತ ಹೇಳುವುದಿಲ್ಲ. ಈ ಊರಿನ ಬೇಸಿಗೆಯಲ್ಲಿ ತಣ್ಣಗೆ ಏನಾದರೂ ಕುಡಿಯಬೇಕು ಅನಿಸುವುದು ತಪ್ಪಲ್ಲ. ಕಾಫಿಯದ್ದೂ ತಪ್ಪಿಲ್ಲ. ಹಾಲು ಸಕ್ಕರೆ ಇಲ್ಲದ ಕಾಫಿಯಲ್ಲಿ ಕ್ಯಾಲೊರಿ ಲೆಕ್ಕಕ್ಕೇ ಬರುವುದಿಲ್ಲ.

ತಪ್ಪು ಎಲ್ಲಾಗುತ್ತದೆ ಅಂತ ತೋರಿಸಲು ಅವಳಿಗೆ ಅರ್ಧ ಗ್ಲಾಸು ಕುಡಿಯಲು ಹೇಳಿ, ಉಳಿದರ್ಧ ಮೇಜಿನ ಮೇಲೇ ಬಿಟ್ಟೆ. ಅರ್ಧ ಗಂಟೆಯಲ್ಲಿ ಅದು ಕೋಣೆಯಷ್ಟೇ ಬೆಚ್ಚಗಾಯಿತು. ಈಗ ಒಂದು ಗುಟುಕು ಕುಡಿ ಅಂದೆ. ಕುಡಿದವಳೇ ಮುಖ ಕಿವುಚಿದಳು. "ಅಯ್ಯೋ, ಇಷ್ಟು ಸಿಹಿ ಐತಾ ಇದು?"

ನೀವೂ ಮನೆಯಲ್ಲಿ ಮಾಡಿ ನೋಡಿ. ಕರಗಿದ ಐಸ್ ಕ್ರೀಮ್ ಕುಡಿದವರಿಗೆ ಇದು ಗೊತ್ತಿರುತ್ತದೆ. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ. ಬಿಸಿ ಕಾಫಿಗೆ ಒಂದು ಚಮಚ ಸಕ್ಕರೆ ಸಾಕಾಗುವ ಜನರಿಗೇ ತಣ್ಣನೆಯ ಕಾಫಿಗೆ ಮೂರು ಬೇಕಾಗುವುದು ಇದಕ್ಕೇ. ಇನ್ನೊಂದು ಕಾರಣ ಐಸು. ಐಸು ಕರಗಿದಂತೆ ಕಾಫಿ ನೀರಾಗುತ್ತದೆ. ನೀರಾದ ಕಾಫಿಗೆ ರುಚಿ ತರಲು ಸಿರಪ್ಪು, ಐಸ್ ಕ್ರೀಮು ಅಂತ ಒಂದೊಂದೇ ಸೇರುತ್ತಾ ಹೋಗುತ್ತವೆ. ಹಾಗಾಗಿ ಕಡಿಮೆ ಮಾಡುವ ಕೆಲಸ ಸಕ್ಕರೆ ಡಬ್ಬಿಯಿಂದ ಶುರುವಾಗಬಾರದು, ಕಾಫಿಯಿಂದ ಶುರುವಾಗಬೇಕು. ಕಾಫಿ ಗಟ್ಟಿಯಾಗಿದ್ದರೆ, ಘಮ ಇದ್ದರೆ, ಬೇರೆಯದೆಲ್ಲ ತಾನಾಗಿ ಕಡಿಮೆಯಾಗುತ್ತದೆ.

ನಾನು ಹೇಳಿಕೊಡುವುದು ಹೀಗೆ. ಫಿಲ್ಟರಿನಲ್ಲಿ ಗಟ್ಟಿ ಡಿಕಾಕ್ಷನ್ ಇಳಿಸಿ. ಆರಿದ ಮೇಲೆ ಫ್ರಿಜ್ಜಿನ ಐಸ್ ಟ್ರೇಗೆ ಸುರಿದು ಗಟ್ಟಿ ಮಾಡಿ. ಫಿಲ್ಟರ್ ಇಲ್ಲದಿದ್ದರೆ ಇನ್‌ಸ್ಟಂಟ್ ಪುಡಿಯನ್ನೇ ಸ್ವಲ್ಪ ಬಿಸಿನೀರಿನಲ್ಲಿ ಗಟ್ಟಿಯಾಗಿ ಕಲಸಿಕೊಳ್ಳಿ. ಕುಡಿಯುವಾಗ ತಣ್ಣನೆಯ ಹಾಲಿಗೆ ಈ ಕಾಫಿ ಐಸಿನ ಎರಡು ಮೂರು ತುಂಡು ಹಾಕಿ. ಇದು ಕರಗಿದಷ್ಟೂ ಕಾಫಿ ಗಟ್ಟಿಯಾಗುತ್ತದೆ, ನೀರಾಗುವುದಿಲ್ಲ. ನನ್ನ ಹತ್ತಿರ ಬರುವವರಲ್ಲಿ ಈ ಒಂದು ಬದಲಾವಣೆ ಮಾಡಿಕೊಂಡವರು, ಉಳಿದದ್ದನ್ನೂ ಸುಲಭವಾಗಿ ಬಿಟ್ಟಿದ್ದಾರೆ.

ನೊರೆ ಬೇಕು ಅನ್ನುವವರು ಗಟ್ಟಿ ಮುಚ್ಚಳದ ಬಾಟಲಿಯಲ್ಲಿ ಹಾಕಿ ಒಂದು ನಿಮಿಷ ಜೋರಾಗಿ ಕುಲುಕಿ. ಕೊಬ್ಬು ಕಡಿಮೆ ಇರುವ ತಣ್ಣನೆಯ ಹಾಲು ಚೆನ್ನಾಗಿ ನೊರೆ ಬರುತ್ತದೆ, ಕ್ರೀಮು ಬೇಕಿಲ್ಲ. ಹಾಲಿನ ವಿಷಯಕ್ಕೆ ಬಂದರೆ, 3 ಪರ್ಸೆಂಟ್ ಕೊಬ್ಬಿನ ಟೋನ್ಡ್ ಹಾಲು, ಅಂದರೆ ನಂದಿನಿಯ ನೀಲಿ ಪ್ಯಾಕೆಟ್, 100 ಮಿಲಿಗೆ ಸುಮಾರು 58 ಕ್ಯಾಲೊರಿ. ಗಟ್ಟಿ ಹಾಲು 90ರ ಹತ್ತಿರ. ಮನೆಗೆ ಬರುವ ಎಮ್ಮೆ ಹಾಲು ನೀರು ಬೆರೆಸದೆ ಇದ್ದರೆ 100 ದಾಟುತ್ತದೆ. ಎಮ್ಮೆ ಹಾಲೇ ಇರುವ ಮನೆಯವರು ಕಾಯಿಸಿ ಫ್ರಿಜ್ಜಿನಲ್ಲಿಟ್ಟು, ಮೇಲಿನ ಕೆನೆ ಪೂರ್ತಿ ತೆಗೆದು ಬಳಸಿದರೆ ಸಾಕು. ಕೆನೆ ಬೆಣ್ಣೆಗೆ ಆಯಿತು.

ಸಕ್ಕರೆಯಲ್ಲಿ ಅವಸರ ಬೇಡ. ಮೊದಲ ವಾರ ಮೂರು ಚಮಚವೇ ಇರಲಿ, ಆದರೆ ಚಾಕುವಿನ ಬೆನ್ನಿನಿಂದ ಸಮ ಮಾಡಿ ಹಾಕಿ. ಸಮ ಚಮಚದಲ್ಲಿ 4 ಗ್ರಾಂ ಅಷ್ಟೇ. 21 ಗ್ರಾಂ ಇದ್ದದ್ದು 12ಕ್ಕೆ ಬಂತು, ಚಮಚದ ಲೆಕ್ಕ ಬದಲಾಗಲೇ ಇಲ್ಲ. ಆಮೇಲೆ ವಾರಕ್ಕೆ ಅರ್ಧ ಚಮಚ ಇಳಿಸಿ. ನಾಲಿಗೆ ಹೊಂದಿಕೊಳ್ಳುತ್ತದೆ. ಒಂದೇ ದಿನ ಪೂರ್ತಿ ಬಿಟ್ಟವರು ಹತ್ತನೇ ದಿನಕ್ಕೆ ವಾಪಸ್ ಮೂರಕ್ಕೆ ಹೋಗಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಒಂದು ಏಲಕ್ಕಿ ಜಜ್ಜಿ ಹಾಕಿದರೆ ಘಮಕ್ಕೇ ಸಿಹಿ ಅನಿಸುತ್ತದೆ. ಕಹಿ ಜಾಸ್ತಿ ಅನಿಸುವವರು ಎರಡು ಮೂರು ಹರಳು ಉಪ್ಪು ಹಾಕಿ ನೋಡಿ, ಉಪ್ಪು ಕಹಿಯನ್ನು ತಗ್ಗಿಸುತ್ತದೆ.

"ಸಕ್ಕರೆ ಬದಲು ಬೆಲ್ಲ ಹಾಕ್ಲಾ ಮೇಡಂ?" ಇದು ವಾರಕ್ಕೊಮ್ಮೆಯಾದರೂ ಬರುವ ಪ್ರಶ್ನೆ. ರುಚಿಗೆ ಬೇಕಾದರೆ ಹಾಕಿ. ಕ್ಯಾಲೊರಿ ಉಳಿಯುತ್ತದೆ ಅಂತ ಮಾತ್ರ ಹಾಕಬೇಡಿ. 10 ಗ್ರಾಂ ಸಕ್ಕರೆಗೆ 40 ಕ್ಯಾಲೊರಿ ಆದರೆ ಬೆಲ್ಲಕ್ಕೆ 35ರಿಂದ 38. ಜೇನುತುಪ್ಪವೂ ಸಕ್ಕರೆಯೇ, ಕಂದು ಸಕ್ಕರೆಯೂ ಸಕ್ಕರೆಯೇ. ಮಿಲ್ಕ್‌ಮೇಡ್ ಥರದ ಕಂಡೆನ್ಸ್ಡ್ ಹಾಲಿನ ಬಗ್ಗೆ ಇನ್ನೂ ಎಚ್ಚರ ಬೇಕು. ಹೆಸರಿಗೆ ಹಾಲು, ಅರ್ಧದಷ್ಟು ಸಕ್ಕರೆ. ಒಂದು ದೊಡ್ಡ ಚಮಚದಲ್ಲಿ 65 ಕ್ಯಾಲೊರಿ ಇರುತ್ತದೆ. ಸಕ್ಕರೆಯೇ ಬೆರೆತ ಕಾಫಿ ಸ್ಯಾಶೆಗಳಲ್ಲಿ ಇಳಿಸುವ ದಾರಿಯೇ ಇಲ್ಲ, ಬರೀ ಕಾಫಿ ಪುಡಿ ತನ್ನಿ.

ಸಕ್ಕರೆ ಇಲ್ಲದ ಸಿಹಿ ಮಾತ್ರೆಗಳ ಬಗ್ಗೆಯೂ ಕೇಳುತ್ತಾರೆ. ತೂಕ ಇಳಿಸಲು ಅವುಗಳನ್ನು ನೆಚ್ಚಿಕೊಳ್ಳಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ. ಆ ಸಲಹೆ ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗಲ್ಲ. ಅವರು ತಮ್ಮ ಡಾಕ್ಟರನ್ನು ಕೇಳಿ ಬಳಸಬಹುದು. ನನ್ನ ಅಭಿಪ್ರಾಯ ಕೇಳಿದರೆ, ಮಾತ್ರೆ ಹಾಕಿದರೂ ನಾಲಿಗೆಯ ಸಿಹಿ ಚಟ ಹಾಗೇ ಉಳಿಯುತ್ತದೆ. ಆರೋಗ್ಯವಾಗಿರುವ ಹುಡುಗ ಹುಡುಗಿಯರಿಗೆ ನಾನು ಬರೆದುಕೊಡುವುದಿಲ್ಲ.

ಸಕ್ಕರೆ ಕಾಯಿಲೆ ಇರುವವರು ಇದೊಂದು ಮಾತು ನೆನಪಿಡಿ. ಶುಗರ್ ತೀರಾ ಕಡಿಮೆಯಾಗಿ ಕೈ ನಡುಗಿ ಬೆವರು ಬಂದಾಗ ಕೋಲ್ಡ್ ಕಾಫಿ ಕುಡಿಯಬೇಡಿ. ಹಾಲು, ಐಸ್ ಕ್ರೀಮಿನ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡ ಮಾಡುತ್ತದೆ. ಆಗ ಬೇಕಾದ್ದು ಸುಮಾರು 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್, ನೀರಿನಲ್ಲಿ ಕದಡಿ, ತಕ್ಷಣ.

ಅಂಗಡಿಯದ್ದಕ್ಕೆ ಬರೋಣ. ಸಂಜೆ ಹೊತ್ತು ರಾಯಲ್ ಸರ್ಕಲ್ ಕಡೆ ಹೋದರೆ ಕಾಲೇಜು ಮಕ್ಕಳ ಕೈಯಲ್ಲೆಲ್ಲ ಎತ್ತರದ ಗ್ಲಾಸು. ಕಣ್ಣ ಮುಂದೆ ಮಿಕ್ಸರಿನಲ್ಲಿ ತಿರುಗಿಸಿ ಕೊಡುವ ಅಂಗಡಿಯಾದರೆ ಕೆಲಸ ಸುಲಭ. "ಅಣ್ಣ, ಸಕ್ರಿ ಅರ್ಧ ಹಾಕ್ರಿ, ಐಸ್ ಕ್ರೀಮ್ ಬ್ಯಾಡ" ಅಂದರೆ ಆಯಿತು. ಮೊದಲೇ ಕಲಸಿಟ್ಟ ಮಿಶ್ರಣದಿಂದ ಮಾಡುವ ಕಡೆ ಸಕ್ಕರೆ ಅದರಲ್ಲೇ ಸೇರಿರುತ್ತದೆ. ಅಲ್ಲಿ ಚಿಕ್ಕ ಗ್ಲಾಸು ತೆಗೆದುಕೊಳ್ಳುವುದು, ಮೇಲಿನ ಕ್ರೀಮು ಬೇಡ ಅನ್ನುವುದು, ಇಲ್ಲವೇ ಇಬ್ಬರು ಹಂಚಿಕೊಳ್ಳುವುದು. ಹತ್ತು ಅಥವಾ ಹೆಚ್ಚು ಕಡೆ ಶಾಖೆ ಇರುವ ದೊಡ್ಡ ಅಂಗಡಿಗಳು ಮೆನುವಿನಲ್ಲಿ ಕ್ಯಾಲೊರಿ ಬರೆಯಬೇಕು ಅಂತ ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ ಇದೆ. ಬೆಲೆ ನೋಡುವಾಗ ಪಕ್ಕದಲ್ಲಿರುವ ಆ ಅಂಕಿಯನ್ನೂ ನೋಡಿ.

ಬಾಟಲಿ, ಡಬ್ಬಿಯಲ್ಲಿ ಬರುವ ಕೋಲ್ಡ್ ಕಾಫಿಯ ಹಿಂದೆ ಸಣ್ಣ ಅಕ್ಷರದ ಪಟ್ಟಿ ಇರುತ್ತದೆ. ಅದರಲ್ಲಿ ಸೇರಿಸಿದ ಸಕ್ಕರೆ ಎಷ್ಟು ಅಂತ ಬೇರೆಯಾಗಿ ಬರೆದಿರುತ್ತಾರೆ. ಆದರೆ ಆ ಲೆಕ್ಕ ಸಾಮಾನ್ಯವಾಗಿ 100 ಮಿಲಿಗೆ. ಬಾಟಲಿ 200 ಮಿಲಿ ಇದ್ದರೆ ಎರಡರಿಂದ ಗುಣಿಸಿ, ಬಂದದ್ದನ್ನು ನಾಲ್ಕರಿಂದ ಭಾಗಿಸಿ. ಎಷ್ಟು ಚಮಚ ಸಕ್ಕರೆ ಕುಡಿಯುತ್ತಿದ್ದೀರಿ ಅಂತ ಗೊತ್ತಾಗುತ್ತದೆ.

ನನಗೆ ತುಂಬಾ ಮುಖ್ಯ ಅನಿಸುವುದು ಬಾಯಾರಿಕೆಯ ವಿಷಯ. ಜೀನ್ಸ್ ಹೊಲಿಯುವ ಮನೆಗಳಲ್ಲಿ ದಿನವಿಡೀ ಮಿಷಿನ್ ಮುಂದೆ ಕೂತವರು, ಬಿಸಿಲಲ್ಲಿ ಬೈಕ್ ಓಡಿಸಿ ಬಂದವರು, ತೋರಣಗಲ್ಲಿನ ಕಡೆ ಪಾಳಿ ಮುಗಿಸಿ ಬಸ್ ಇಳಿದವರು ಮೊದಲು ಕೈ ಹಾಕುವುದು ತಣ್ಣನೆಯ ಸಿಹಿ ಗ್ಲಾಸಿಗೆ. ಅವರ ಮೈ ಕೇಳುತ್ತಿರುವುದು ನೀರು. ಬಾಯಾರಿದಾಗ ಕೋಲ್ಡ್ ಕಾಫಿ ಹಿಡಿದರೆ ದೊಡ್ಡ ಗ್ಲಾಸೂ ಸಾಕಾಗುವುದಿಲ್ಲ. ಮೊದಲು ಗಡಿಗೆ ನೀರು ಎರಡು ಲೋಟ ಕುಡಿಯಿರಿ, ಇಲ್ಲವೇ ತೆಳ್ಳಗಿನ ಉಪ್ಪು ಮಜ್ಜಿಗೆ. ಹತ್ತು ನಿಮಿಷ ಬಿಟ್ಟು ಕಾಫಿ ಕುಡಿಯಿರಿ. ಆಗ ಚಿಕ್ಕ ಲೋಟವೇ ಸಾಕು ಅನಿಸುತ್ತದೆ. ರಾತ್ರಿ ಪಾಳಿ ಮುಗಿಸಿ ಮಲಗಲು ಹೋಗುವವರು ಮಾತ್ರ ಕಾಫಿ ಬಿಟ್ಟು ಮಜ್ಜಿಗೆಯಲ್ಲೇ ನಿಲ್ಲಿಸಿ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಐದು ಗಂಟೆ ಕಳೆದರೂ ಮೈಯಲ್ಲೇ ಇರುತ್ತದೆ.

ಊಟದ ಜೊತೆಗೂ ಕಾಫಿ ಬೇಡ. ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತುವುದನ್ನು ಕಾಫಿ, ಚಹಾ ಎರಡೂ ತಡೆಯುತ್ತವೆ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರ ಇಟ್ಟುಕೊಳ್ಳಿ.

ಆ ಹುಡುಗಿಯ ಈಗಿನ ಗ್ಲಾಸು ಹೀಗಿದೆ. ಟೋನ್ಡ್ ಹಾಲು 200 ಮಿಲಿ, ಕಾಫಿ ಐಸು ಮೂರು ತುಂಡು, ಸಮ ಚಮಚ ಸಕ್ಕರೆ ಒಂದು, ಸಿರಪ್ ಬದಲು ಸಿಹಿ ಇಲ್ಲದ ಕೋಕೋ ಪುಡಿ ಅರ್ಧ ಚಮಚ. ಸುಮಾರು 140 ಕ್ಯಾಲೊರಿ. 509ರಿಂದ ಇಲ್ಲಿಗೆ ಬರಲು ಅವಳಿಗೆ ಎರಡು ತಿಂಗಳು ಹಿಡಿಯಿತು. ಇಷ್ಟು ಕ್ಯಾಲೊರಿ ಉಳಿದರೆ ಇಷ್ಟು ಕಿಲೋ ಇಳಿಯುತ್ತದೆ ಅಂತ ನಾನು ಅವಳಿಗೆ ಮಾತು ಕೊಡಲಿಲ್ಲ. ಪ್ರತಿಯೊಬ್ಬರ ಮೈ ಬೇರೆ, ಅವಳಿಗೆ ನಡಿಗೆ, ನಿದ್ದೆ, ಡಾಕ್ಟರ ಔಷಧಿ ಎಲ್ಲವೂ ಬೇಕು. ಆದರೆ ರಾತ್ರಿಯ ಎರಡನೇ ರೊಟ್ಟಿಯನ್ನು ಅವಳಿಗೆ ವಾಪಸ್ ಕೊಟ್ಟೆ, ಜೊತೆಗೆ ಪುಂಡಿಪಲ್ಯ. ಹಸಿದು ಮಲಗುವುದು ನಿಂತಿತು.

ಐಸ್ ಕ್ರೀಮ್ ಹಾಕಿದ ಕಾಫಿ ಈಗ ತಿಂಗಳಿಗೆ ಒಂದೆರಡು ಸಲ, ಗೆಳತಿಯರ ಜೊತೆ ಹೋದಾಗ. ಹೋದ ಸಲ ಬಂದಾಗ ತಾಯಿಯೇ ಹೇಳಿದರು: "ಅಂಗಡ್ಯಾಗ ಇಕಿನ್ನ ನೋಡಿದ ಕೂಡ್ಲೇ ಆ ಹುಡುಗ ಕೇಳ್ತಾನ್ರಿ ಮೇಡಂ, ಅಕ್ಕ, ಸಕ್ರಿ ಎಷ್ಟು ಹಾಕ್ಲಿ ಅಂತ."